ಚೀಟಿ ಮರೆತರೆ ಟ್ರಾಲಿ ತುಂಬುತ್ತದೆ

ರಾತ್ರಿ ಒಂಬತ್ತೂವರೆಗೆ ಅಂಗಡಿಯ ಶಟರ್ ಅರ್ಧ ಇಳಿಸುತ್ತಿದ್ದರು. ಅದಾದ ಮೇಲೂ ನನಗೊಂದು ಕೆಲಸ ಬಾಕಿ ಇರುತ್ತಿತ್ತು. ಬಿಲ್ ಕೌಂಟರಿನ ಪಕ್ಕ ಒಂದು ನೀಲಿ ಬುಟ್ಟಿ. ಬಿಲ್ ಮಾಡಿಸುವಾಗ ಗ್ರಾಹಕರು ‘ಇದು ಬೇಡ, ತೆಗೀರಿ’ ಎಂದು ಬಿಟ್ಟುಹೋದ ಸಾಮಾನೆಲ್ಲ ಅದರಲ್ಲಿ ಬೀಳುತ್ತಿತ್ತು. ಅವನ್ನು ವಿಂಗಡಿಸಿ, ಎಲ್ಲಿಂದ ಬಂದಿದ್ದವೋ ಅಲ್ಲಿಗೇ ಒಯ್ದು ಇಡುವುದು ನನ್ನ ಪಾಲಿನ ಕೆಲಸ.

ಬಿ.ಕಾಂ. ಮುಗಿಸಿ, ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐ ಎಂದು ಓದುತ್ತಿದ್ದವನು ನಾನು. ಪರೀಕ್ಷೆ ಮುಂದಕ್ಕೆ ಹೋಯಿತು. ಊರಿನಿಂದ ಬರುತ್ತಿದ್ದ ದುಡ್ಡು ಹಿಂದಕ್ಕೆ ಸರಿಯಿತು. ಆಗ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಎಂಟು ತಿಂಗಳು ದುಡಿದೆ. ಸಾಮಾನು ಜೋಡಿಸುವುದು, ದರದ ಚೀಟಿ ಅಂಟಿಸುವುದು, ಕೇಳಿದವರಿಗೆ ದಾರಿ ತೋರಿಸುವುದು. ಎಂಟು ತಿಂಗಳಲ್ಲಿ ನಾನು ಕಲಿತ ಅರ್ಥಶಾಸ್ತ್ರದ ಬಹುಪಾಲು ಆ ನೀಲಿ ಬುಟ್ಟಿಯೇ ಕಲಿಸಿದ್ದು.

ಅದೊಂದು ಶನಿವಾರ, ಬಟವಾಡೆಯ ದಿನ. ಅಂಗಿಯ ತೋಳಿನ ಮೇಲೆ ಬಣ್ಣದ ಕಲೆಗಳಿದ್ದ ಒಬ್ಬರು ಐದಾರು ವರ್ಷದ ಮಗನ ಕೈ ಹಿಡಿದು ಬಂದರು. ಪೇಂಟಿಂಗ್ ಕೆಲಸದವರಿರಬೇಕು. ಬಾಗಿಲಲ್ಲೇ ನನ್ನನ್ನು ಕೇಳಿದರು: ‘ತಮ್ಮಾ, ಬ್ಯಾಳಿ, ಎಣ್ಣಿ, ಉಪ್ಪು ಎಲ್ಲದಾವು?’

‘ಸೀದಾ ಒಳಗ ಹೋಗ್ರಿ ಅಣ್ಣಾರ, ಕೊನೀ ಸಾಲು’ ಎಂದೆ.

ಮುಕ್ಕಾಲು ತಾಸಿನ ನಂತರ ಅವರು ಬಿಲ್ ಕೌಂಟರಿನ ಮುಂದಿದ್ದರು. ಮೂರು ಸಾಮಾನಿಗೆ ಬಂದವರ ಟ್ರಾಲಿಯಲ್ಲಿ ಹದಿನಾಲ್ಕು ಸಾಮಾನು. ಬಿಲ್ಲು 1,146 ರೂಪಾಯಿ. ಅವರ ಕೈಯಲ್ಲಿದ್ದದ್ದು ಐನೂರರ ಎರಡು ನೋಟು. ಹಿಂದೆ ಏಳೆಂಟು ಜನ ನಿಂತಿದ್ದರು. ‘ಏನರ ತೆಗೀಲೇನ್ರಿ?’ ಎಂದು ಬಿಲ್ ಮಾಡುವ ಹುಡುಗಿ ಮೆತ್ತಗೆ ಕೇಳಿದಳು. ಅವರು ಒಮ್ಮೆ ಮಗನನ್ನು ನೋಡಿದರು, ಒಮ್ಮೆ ಹಿಂದಿನ ಸಾಲನ್ನು ನೋಡಿದರು. ‘ಬ್ಯಾಳಿ ತೆಗೀರಿ, ನಾಳಿ ಒಯ್ಯತೀನಿ’ ಎಂದರು.

ತೊಗರಿ ಬೇಳೆ ಒಂದು ಕಿಲೋ, 148 ರೂಪಾಯಿ. ಅದೊಂದು ತೆಗೆದರೆ ಲೆಕ್ಕ 998ಕ್ಕೆ ನಿಂತಿತು. ಬೇಳೆ ನೀಲಿ ಬುಟ್ಟಿಗೆ ಬಿತ್ತು. ಬಿಸ್ಕೆಟ್ಟು, ಚಿಪ್ಸು, ನೂಡಲ್ಸು, ಆಟಿಕೆ ಇರುವ ಚಾಕೊಲೇಟು ಅವರ ಜೊತೆ ಮನೆಗೆ ಹೋದವು.

ಈ ಕಥೆ ಹೇಳಿದಾಗ ರೂಮಿನ ಗೆಳೆಯರು, ‘ತಪ್ಪು ಅವರದ್ದೇ, ಬೇಳೆ ಬಿಟ್ಟು ಚಿಪ್ಸ್ ಒಯ್ಯುವುದಾ?’ ಎಂದರು. ನನಗೆ ಹಾಗನ್ನಿಸಲಿಲ್ಲ. ಯೋಚಿಸಿ ನೋಡಿ. ಮನೆಗೆ ನಿಜವಾಗಿ ಬೇಕಾದ ಸಾಮಾನು ಸಾಮಾನ್ಯವಾಗಿ ಒಂದೊಂದೇ ದೊಡ್ಡ ಮೊತ್ತದ್ದು. ಬೇಡದ್ದು ಇಪ್ಪತ್ತು, ಮೂವತ್ತು, ಐವತ್ತು ರೂಪಾಯಿಯ ಚಿಲ್ಲರೆ ಬಾಬತ್ತು. ದುಡ್ಡು ಕಡಿಮೆ ಬಿದ್ದಾಗ, ಹಿಂದೆ ಸಾಲು ನಿಂತಿರುವಾಗ, ಐದಾರು ಚಿಕ್ಕ ಸಾಮಾನು ಹುಡುಕಿ ತೆಗೆಸುತ್ತಾ ನಿಲ್ಲುವುದಕ್ಕೆ ಯಾರಿಗೂ ಮುಖವಿರುವುದಿಲ್ಲ. ಒಂದೇ ಏಟಿಗೆ ಲೆಕ್ಕ ಸರಿಹೋಗುವ ಸಾಮಾನನ್ನೇ ತೆಗೆಸುತ್ತೇವೆ. ಅದು ಬೇಳೆ, ಅದು ಎಣ್ಣೆ.

ನಮ್ಮ ಕಣ್ಣು ದೊಡ್ಡ ಖರ್ಚಿನ ಮೇಲೆ. ಅಂಗಡಿಯ ಕಣ್ಣು ನಮ್ಮ ಚಿಕ್ಕ ಖರ್ಚಿನ ಮೇಲೆ. ಸೂಪರ್ ಮಾರ್ಕೆಟ್ ನಮ್ಮಿಂದ ಹೆಚ್ಚು ಖರ್ಚು ಮಾಡಿಸುವ ಕಥೆಯ ಸಾರ ಇಷ್ಟೇ. ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಯಾರೂ ಒತ್ತಾಯ ಮಾಡುವುದಿಲ್ಲ. ದಾರಿಯನ್ನು ಮಾತ್ರ ಹಾಗೆ ಕಟ್ಟಿರುತ್ತಾರೆ.

ಅಡ್ಡ ಹಲಗೆ ಹೋದ ಮೇಲೆ

ಸವದತ್ತಿ ತಾಲ್ಲೂಕಿನ ನಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ಗಿರಾಕಿಗೂ ಸಾಮಾನಿಗೂ ನಡುವೆ ಒಂದು ಅಡ್ಡ ಹಲಗೆ ಇದೆ. ನಾವು ಈಚೆ, ಸಾಮಾನು ಆಚೆ. ಬಾಯಿ ಬಿಟ್ಟು ಕೇಳಿದರೆ ಮಾತ್ರ ಸಿಗುತ್ತದೆ. ಕೇಳಬೇಕಾದರೆ ಏನು ಬೇಕು ಎನ್ನುವುದು ಮೊದಲೇ ಗೊತ್ತಿರಬೇಕು. ಆ ಹಲಗೆ ನಮ್ಮ ಆಸೆಗೂ ಒಂದು ಬೇಲಿಯಾಗಿತ್ತು ಎನ್ನುವುದು ನನಗೆ ಅರ್ಥವಾದದ್ದು ಅದು ಇಲ್ಲದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಆ ಬೇಲಿಯನ್ನು ಕಿತ್ತುಹಾಕಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಕ್ಲಾರೆನ್ಸ್ ಸಾಂಡರ್ಸ್ ಅವರದ್ದು. 1916ರಲ್ಲಿ ಅವರು ಮೆಂಫಿಸ್ ನಗರದಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದರು. ಗಿರಾಕಿಯೇ ಒಳಗೆ ಹೋಗಿ ತನಗೆ ಬೇಕಾದ್ದನ್ನು ಬುಟ್ಟಿಗೆ ಹಾಕಿಕೊಂಡು ಬರುವ ಪದ್ಧತಿ. ಒಳಗೆ ಹೋಗಲು ಒಂದು ದಾರಿ, ಹೊರಬರಲು ಇನ್ನೊಂದು. ನಡುವಿನ ದಾರಿ ಹಾವಿನಂತೆ ಬಳುಕಿ ಅಂಗಡಿಯ ಎಲ್ಲ ಸಾಮಾನಿನ ಮುಂದೆಯೂ ಹಾದುಹೋಗುತ್ತಿತ್ತು. ಒಂದು ಉಪ್ಪಿನ ಪೊಟ್ಟಣಕ್ಕೆ ಬಂದವರೂ ಪೂರ್ತಿ ಅಂಗಡಿ ನೋಡಿಯೇ ಹೊರಬರಬೇಕು. ಈ ವಿನ್ಯಾಸಕ್ಕೆ ಅವರು 1917ರಲ್ಲಿ ಪೇಟೆಂಟ್ ಕೂಡ ಪಡೆದರು.

ನೂರು ವರ್ಷ ದಾಟಿದೆ. ದಾರಿ ಅಷ್ಟು ಕಟ್ಟುನಿಟ್ಟಾಗಿ ಉಳಿದಿಲ್ಲ. ಲೆಕ್ಕಾಚಾರ ಮಾತ್ರ ಅದೇ. ನಾನು ಕೆಲಸ ಮಾಡಿದ ಅಂಗಡಿಯಲ್ಲಿ ಬಾಗಿಲ ಹತ್ತಿರ ಹಣ್ಣು, ಹೂವು, ಆ ವಾರದ ಆಫರ್. ಬೇಳೆ, ಅಕ್ಕಿ, ಎಣ್ಣೆ ತೀರ ಒಳಗೆ. ಹಾಲು, ಮೊಸರು ಅದಕ್ಕೂ ಆಚೆಯ ಮೂಲೆಯ ಫ್ರಿಜ್ಜಿನಲ್ಲಿ. ಹಾಲು ತಂಪಾಗಿರಬೇಕು, ಫ್ರಿಜ್ಜು ಗೋದಾಮಿಗೆ ಹತ್ತಿರವಿದ್ದರೆ ತುಂಬಿಸುವುದು ಸುಲಭ, ಅದೂ ನಿಜವೇ. ಆದರೆ ಅರ್ಧ ಲೀಟರ್ ಹಾಲಿಗೆ ಬಂದವರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಿಸ್ಕೆಟ್ಟಿನ ಸಾಲು ದಾಟುತ್ತಿದ್ದರು ಎನ್ನುವುದೂ ಅಷ್ಟೇ ನಿಜ.

ಇನ್ನು ಟ್ರಾಲಿ. ಅದನ್ನು ಬಳಕೆಗೆ ತಂದವರು ಅಮೆರಿಕದ ಒಕ್ಲಹೋಮ ನಗರದ ಅಂಗಡಿ ಮಾಲೀಕ ಸಿಲ್ವನ್ ಗೋಲ್ಡ್‌ಮನ್, 1937ರಲ್ಲಿ. ಕೈಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎನ್ನುವುದನ್ನು ಅವರು ಗಮನಿಸಿದ್ದರು. ಭಾರವನ್ನು ಕೈಯಿಂದ ಗಾಲಿಯ ಮೇಲೆ ಇಳಿಸಿದರು. ಮೊದಮೊದಲು ಜನ ಟ್ರಾಲಿ ಮುಟ್ಟಲಿಲ್ಲ. ಆಗ ಅವರು ಸಂಬಳ ಕೊಟ್ಟು ಕೆಲವರನ್ನು ಗಿರಾಕಿಗಳ ಹಾಗೆ ಟ್ರಾಲಿ ತಳ್ಳಿಕೊಂಡು ಅಂಗಡಿಯಲ್ಲಿ ಓಡಾಡಲು ನೇಮಿಸಿದರು. ನೋಡಿ ನೋಡಿ ಉಳಿದವರೂ ತಳ್ಳಿದರು.

ಕೈ ನೋಯುವುದು ಕೂಡ ಒಂದು ಲೆಕ್ಕ. ‘ಸಾಕು’ ಎಂದು ದೇಹವೇ ಹೇಳುತ್ತಿತ್ತು. ಟ್ರಾಲಿ ಆ ಮಾತನ್ನು ನಿಲ್ಲಿಸಿತು. ಅಷ್ಟೇ ಅಲ್ಲ, ದೊಡ್ಡ ಟ್ರಾಲಿಯ ತಳದಲ್ಲಿ ಮೂರೇ ಸಾಮಾನು ಬಿದ್ದಿದ್ದರೆ ನಮಗೇ ಒಂಥರಾ ಸಂಕೋಚ. ಇಷ್ಟೇನಾ ತಗೊಂಡದ್ದು ಅನ್ನಿಸುತ್ತದೆ.

ಹಲಗೆಗೊಂದು ಬೆಲೆ

ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಸೂಪರ್‌ವೈಸರ್ ಹೇಳಿಕೊಟ್ಟ ಮೊದಲ ಪಾಠ: ‘ಐ ಲೆವೆಲ್ ಈಸ್ ಬೈ ಲೆವೆಲ್.’ ಕಣ್ಣಿಗೆ ನೇರವಾಗಿ ಯಾವುದು ಕಾಣುತ್ತದೋ ಕೈ ಅದಕ್ಕೇ ಹೋಗುತ್ತದೆ. ಹಾಗಾಗಿ ಹೆಚ್ಚು ಲಾಭ ತರುವ ಬ್ರ್ಯಾಂಡು ಎದೆಯಿಂದ ಕಣ್ಣಿನವರೆಗಿನ ಹಲಗೆಗಳಲ್ಲಿ. ಕಡಿಮೆ ಬೆಲೆಯದ್ದು, ಹೆಸರಿಲ್ಲದ್ದು ಕಾಲ ಬುಡದಲ್ಲಿ. ಯಾವ ಸಾಮಾನು ಎಷ್ಟನೇ ಹಲಗೆಯಲ್ಲಿ, ಎಷ್ಟು ಸಾಲು ನಿಲ್ಲಬೇಕು ಎನ್ನುವ ನಕ್ಷೆಯೇ ಇರುತ್ತದೆ. ಅದಕ್ಕೆ ‘ಪ್ಲಾನೊಗ್ರಾಮ್’ ಎನ್ನುತ್ತಾರೆ. ನಾನು ಆ ನಕ್ಷೆ ಹಿಡಿದುಕೊಂಡೇ ಬೆಳಿಗ್ಗೆ ಸಾಮಾನು ಜೋಡಿಸುತ್ತಿದ್ದೆ.

ಮಕ್ಕಳ ಕಣ್ಣಿನ ಮಟ್ಟ ಬೇರೆ. ಕಾರ್ಟೂನ್ ಚಿತ್ರದ ಬಿಸ್ಕೆಟ್ಟು, ಆಟಿಕೆ ಇರುವ ಚಾಕೊಲೇಟು ದೊಡ್ಡವರ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದಲ್ಲಿ ನಿಲ್ಲುತ್ತವೆ. ಆ ಶನಿವಾರ ಆ ಹುಡುಗ ಎತ್ತಿಕೊಂಡ ಚಾಕೊಲೇಟನ್ನು ಆ ಎತ್ತರದಲ್ಲಿ ಇಟ್ಟವನು ನಾನೇ. ಅವನ ಕೈ ಸರಿಯಾಗಿ ತಲುಪಲಿ ಎಂದು ಮುಂದಕ್ಕೆ ಎಳೆದು ಇಟ್ಟವನೂ ನಾನೇ.

ಸಾಲಿನ ಕೊನೆಯಲ್ಲಿ, ತಿರುವಿನಲ್ಲಿ, ಸಾಮಾನು ಗುಡ್ಡೆ ಹಾಕಿರುವುದನ್ನು ನೀವು ನೋಡಿರುತ್ತೀರಿ. ಅದು ‘ಎಂಡ್ ಕ್ಯಾಪ್’. ತಿರುಗುವಾಗ ಟ್ರಾಲಿ ನಿಧಾನವಾಗುತ್ತದೆ, ಕಣ್ಣು ಅಲ್ಲಿ ನಿಲ್ಲುತ್ತದೆ. ಗುಡ್ಡೆ ಹಾಕಿದ್ದೆಲ್ಲ ಅಗ್ಗ ಎಂದು ನಮ್ಮ ಮನಸ್ಸು ತಾನಾಗಿಯೇ ತೀರ್ಮಾನಿಸುತ್ತದೆ. ಸಂತೆಯ ಅಭ್ಯಾಸ ಅದು, ಅಲ್ಲಿ ರಾಶಿ ಹೆಚ್ಚಿದ್ದರೆ ದರ ಇಳಿದಿರುತ್ತದೆ. ಇಲ್ಲಿ ಹಾಗಿರಬೇಕೆಂದಿಲ್ಲ. ಇಂತಹ ಜಾಗಗಳಿಗೆ ಕಂಪನಿಗಳು ಅಂಗಡಿಗೆ ದುಡ್ಡು ಕೊಡುವುದು ಈ ವ್ಯಾಪಾರದಲ್ಲಿ ಮಾಮೂಲಿ ಸಂಗತಿ. ಅಂದರೆ ಆ ಗುಡ್ಡೆಯೂ ಒಂದು ಜಾಹೀರಾತು.

ಹಾಡಿಗೂ ಕೆಲಸವಿದೆ. ಅಮೆರಿಕದ ಪ್ರಾಧ್ಯಾಪಕ ರೊನಾಲ್ಡ್ ಮಿಲಿಮನ್ 1982ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಹೆಸರುವಾಸಿ. ಸೂಪರ್ ಮಾರ್ಕೆಟ್‌ನಲ್ಲಿ ನಿಧಾನಗತಿಯ ಸಂಗೀತ ಹಾಕಿದ ದಿನಗಳಲ್ಲಿ ಜನ ನಿಧಾನವಾಗಿ ನಡೆದರು. ವೇಗದ ಸಂಗೀತದ ದಿನಗಳಿಗೆ ಹೋಲಿಸಿದರೆ ವ್ಯಾಪಾರ ಸುಮಾರು ಶೇ 38ರಷ್ಟು ಹೆಚ್ಚಿತ್ತು. ನಮ್ಮ ಅಂಗಡಿಯಲ್ಲೂ ದಿನವಿಡೀ ಮೆಲುದನಿಯ ಹಾಡು. ಮುಚ್ಚುವ ಹೊತ್ತಾದಾಗ ಮಾತ್ರ ಕುಣಿಯುವ ಹಾಡು ಹಾಕುತ್ತಿದ್ದರು, ಜನ ಬೇಗ ಬೇಗ ಬಿಲ್ಲಿಗೆ ಬರಲಿ ಎಂದು. ಗೋಡೆಯ ಮೇಲೆ ಗಡಿಯಾರವಂತೂ ಇರಲಿಲ್ಲ.

‘ಉಚಿತ’ದ ಲೆಕ್ಕ

ಇಷ್ಟೆಲ್ಲ ಗೊತ್ತಿದ್ದ ನಾನೇನು ಜಾಣನಾಗಿದ್ದೆನೆ? ಮೊದಲ ಸಂಬಳದ ದಿನ ಮೂರು ಶಾಂಪೂ ಬಾಟಲಿ ಹಿಡಿದು ರೂಮಿಗೆ ಬಂದೆ. ‘ಎರಡು ಕೊಂಡರೆ ಒಂದು ಉಚಿತ’, 398 ರೂಪಾಯಿ. ಅಲ್ಲಿಯವರೆಗೆ ಸ್ಯಾಶೆ ಹರಿದು ತಲೆಗೆ ಹಚ್ಚಿಕೊಂಡವನು ನಾನು. ತಿಂಗಳಿಗೆ ಇಪ್ಪತ್ತು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ. ಆ ಆಫರಿನ ಬೋರ್ಡು ನೇತುಹಾಕಿದವನೂ ನಾನೇ! ಎರಡು ತಿಂಗಳಲ್ಲಿ ಮೂರೂ ಬಾಟಲಿ ಖಾಲಿ, ನನ್ನ ತಲೆಗಿಂತ ಗೆಳೆಯರ ತಲೆಗೇ ಹೆಚ್ಚು ಹೋಗಿತ್ತು.

‘ಉಚಿತ’ ಎನ್ನುವ ಪದ ಕಂಡರೆ ನಾವು ಉಳಿದ ಲೆಕ್ಕ ಬಿಡುತ್ತೇವೆ. ಎಷ್ಟು ಉಳಿಯಿತು ಎಂದು ಎಣಿಸುತ್ತೇವೆಯೇ ಹೊರತು ಎಷ್ಟು ಕೊಟ್ಟೆವು ಎಂದು ಎಣಿಸುವುದಿಲ್ಲ. 199 ಎಂದರೆ ಇನ್ನೂರು ಎಂದು ಗೊತ್ತು, ಆದರೂ ಮನಸ್ಸು ‘ನೂರಾ ಚಿಲ್ಲರೆ’ ಎಂದೇ ಓದಿಕೊಳ್ಳುತ್ತದೆ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಎಂದು ನಂಬಿದ್ದೇವೆ. ಎಷ್ಟೋ ಸಲ ಹಾಗಿರುವುದಿಲ್ಲ.

ಇದನ್ನು ಪರೀಕ್ಷಿಸಲು ಸುಲಭದ ದಾರಿ ಪೊಟ್ಟಣದ ಮೇಲೆಯೇ ಇದೆ. ಎಂಆರ್‌ಪಿ ಹತ್ತಿರ ‘ಯುಎಸ್‌ಪಿ’ ಎಂದು ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ‘ಯೂನಿಟ್ ಸೇಲ್ ಪ್ರೈಸ್’, ಅಂದರೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬಿತ್ತು ಎನ್ನುವ ದರ. ಕಾನೂನು ಮಾಪನದ ನಿಯಮಗಳಿಗೆ ತಿದ್ದುಪಡಿ ತಂದು ಕೇಂದ್ರ ಸರ್ಕಾರ ಇದನ್ನು ಪೊಟ್ಟಣದ ಮೇಲೆ ಮುದ್ರಿಸುವಂತೆ ಮಾಡಿದೆ. 180 ಗ್ರಾಂನ ಬಿಸ್ಕೆಟ್ಟು 45 ರೂಪಾಯಿ, 300 ಗ್ರಾಂನದ್ದು 81 ರೂಪಾಯಿ ಎಂದುಕೊಳ್ಳಿ. ಯಾವುದು ಅಗ್ಗ? ಮೊದಲನೆಯದು ಗ್ರಾಂಗೆ 25 ಪೈಸೆ, ಎರಡನೆಯದು 27 ಪೈಸೆ. ಬ್ಯಾಂಕ್ ಪರೀಕ್ಷೆಗೆ ಇದಕ್ಕಿಂತ ಕಷ್ಟದ ಲೆಕ್ಕವನ್ನು ಮೂವತ್ತು ಸೆಕೆಂಡಿನಲ್ಲಿ ಬಿಡಿಸುವವರು ನಾವು. ಅಂಗಡಿಯಲ್ಲಿ ಮಾತ್ರ ಕ್ಯಾಲ್ಕ್ಯುಲೇಟರ್ ತೆಗೆಯಲು ನಾಚಿಕೆ.

ಅಡುಗೆ ಎಣ್ಣೆಯ ಪೊಟ್ಟಣವನ್ನೂ ಒಮ್ಮೆ ತಿರುಗಿಸಿ ನೋಡಿ. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಪೊಟ್ಟಣದ ಮೇಲಿನ ತೂಕ ಅದಕ್ಕಿಂತ ಕಡಿಮೆ ಇದ್ದರೆ ಅದು ಪೂರ್ತಿ ಲೀಟರ್ ಅಲ್ಲ. ಮೋಸವೇನೂ ಅಲ್ಲ, ತೂಕ ಬರೆದೇ ಇರುತ್ತದೆ. ಓದದೆ ಇರುವವರು ನಾವು.

ಬಿಲ್ಲಿನ ಸಾಲಿನಲ್ಲಿ

ಬಿಲ್ ಕೌಂಟರಿನ ಹತ್ತಿರ ಚಾಕೊಲೇಟು, ಚ್ಯೂಯಿಂಗ್ ಗಮ್, ಬ್ಯಾಟರಿ. ಅಷ್ಟು ಹೊತ್ತಿಗೆ ನೂರಾರು ಸಾಮಾನು ನೋಡಿ, ಆರಿಸಿ ತಲೆ ದಣಿದಿರುತ್ತದೆ. ನಿಂತ ಕಡೆ ಕೈಗೆ ಸಿಕ್ಕಿದ್ದು ಹತ್ತು ರೂಪಾಯಿಯದ್ದು. ಸಾವಿರದ ಬಿಲ್ಲಿನ ಮುಂದೆ ಹತ್ತು ರೂಪಾಯಿ ಯಾವ ಲೆಕ್ಕ?

ಆಮೇಲೆ ‘ಮೊಬೈಲ್ ನಂಬರ್ ಹೇಳಿ’ ಎನ್ನುತ್ತಾರೆ. ನಾವು ಏನು, ಯಾವಾಗ, ಎಷ್ಟು ಕೊಂಡೆವು ಎನ್ನುವ ಜಾತಕ ಆ ನಂಬರಿಗೆ ಅಂಟಿಕೊಳ್ಳುತ್ತದೆ. ನಾಳೆ ಬರುವ ಆಫರ್ ಮೆಸೇಜು ಅದರಿಂದಲೇ ಹುಟ್ಟುತ್ತದೆ. ನಂಬರ್ ಕೊಡಲೇಬೇಕು ಎಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಚಿಲ್ಲರೆ ಮಾರಾಟಗಾರರಿಗೆ ತಿಳಿಸಿದೆ. ಇನ್ನು ಚೀಲ. ಚೀಲಕ್ಕೆ ಬೇರೆ ದುಡ್ಡು ಎನ್ನುವುದನ್ನು ಮೊದಲೇ ತಿಳಿಸದೆ ಬಿಲ್ಲಿನ ಹೊತ್ತಿಗೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬಿಲ್ ಮಾಡುವ ಹುಡುಗಿಯ ಮೇಲೆ ಮಾತ್ರ ಸಿಟ್ಟು ತೋರಿಸಬೇಡಿ. ನಂಬರ್ ಕೇಳು ಎಂದು ಅವಳಿಗೆ ಹೇಳಿರುತ್ತಾರೆ, ಕೇಳುತ್ತಾಳೆ. ‘ಬೇಡ್ರಿ’ ಎಂದರೆ ಸಾಕು. ದಿನಕ್ಕೆ ಎಂಟು ಹತ್ತು ತಾಸು ನಿಂತೇ ಇರುವ ಅವಳೂ ನಮ್ಮ ನಿಮ್ಮ ಹಾಗೆ ಯಾವುದೋ ಪರೀಕ್ಷೆಗೆ ಅರ್ಜಿ ಹಾಕಿಯೇ ಬಂದಿರುತ್ತಾಳೆ.

ಕಿರಾಣಿ ಅಂಗಡಿಯೇನೂ ಸ್ವರ್ಗವಲ್ಲ

‘ಹಾಗಾದರೆ ಸೂಪರ್ ಮಾರ್ಕೆಟ್ ಬಿಟ್ಟು ಕಿರಾಣಿ ಅಂಗಡಿಗೇ ಹೋಗೋಣವೇ?’ ಎಂದು ನೀವು ಕೇಳಬಹುದು. ಹೋಗುವವರು ಹೋಗಲಿ. ಆದರೆ ಹಳೆಯದ್ದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ನಮ್ಮೂರ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಒಂದು ಪುಟವಿತ್ತು. ಸಣ್ಣವನಿದ್ದಾಗ ಚಾಪುಡಿ ತರಲು ಹೋದರೆ ನಾಲ್ಕು ಜನರ ಮುಂದೆ ‘ಹಿಂದಿನ ಬಾಕಿ ಯಾವಾಗ ಕೊಡ್ತಾನಂತ ನಿಮ್ಮಪ್ಪ?’ ಎಂದು ಕೇಳುತ್ತಿದ್ದರು. ಕೊಟ್ಟ ಅಕ್ಕಿಯಲ್ಲಿ ಕಲ್ಲಿದ್ದರೂ ಬಾಯಿ ಮುಚ್ಚಿಕೊಂಡು ಬರಬೇಕು, ಯಾಕೆಂದರೆ ಉದ್ರಿ.

ಸೂಪರ್ ಮಾರ್ಕೆಟ್‌ನಲ್ಲಿ ಆ ಅವಮಾನವಿಲ್ಲ. ಯಾರ ಮಗ, ಯಾವ ಓಣಿಯವನು ಎಂದು ಯಾರೂ ಕೇಳುವುದಿಲ್ಲ. ಪೊಟ್ಟಣ ಹಿಂದೆ ಮುಂದೆ ತಿರುಗಿಸಿ, ತಯಾರಾದ ದಿನ ನೋಡಿ, ಬೇಡವೆಂದರೆ ಮರಳಿ ಇಡಬಹುದು. ಅವ್ವ ಮೊದಲ ಸಲ ಬಂದಾಗ ಒಂದು ತಾಸು ಒಬ್ಬಳೇ ಓಡಾಡಿ, ಏನೂ ಕೊಳ್ಳದೆ ಹೊರಬಂದು, ‘ಯಾರೂ ಏನೂ ಕೇಳಲಿಲ್ಲಲ್ಲೋ!’ ಎಂದು ಅಚ್ಚರಿಪಟ್ಟಿದ್ದಳು. ಎಂಆರ್‌ಪಿಗಿಂತ ಕಡಿಮೆಗೆ ಮಾರುವ ಸಾಮಾನೂ ಅಲ್ಲಿ ಸಾಕಷ್ಟಿರುತ್ತದೆ. ನನಗಂತೂ ಕಷ್ಟದ ಎಂಟು ತಿಂಗಳು ಅನ್ನ ಕೊಟ್ಟದ್ದು ಅದೇ.

ಹಾಗಾಗಿ ನನ್ನ ವಾದ ಸೂಪರ್ ಮಾರ್ಕೆಟ್ ಕೆಟ್ಟದ್ದು ಎಂದಲ್ಲ. ಅಡ್ಡ ಹಲಗೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದು ಮಾಡುತ್ತಿದ್ದ ಒಂದು ಕೆಲಸವನ್ನು, ‘ಏನು ಬೇಕು?’ ಎಂದು ಕೇಳುವ ಕೆಲಸವನ್ನು, ಈಗ ನಾವೇ ಮಾಡಿಕೊಳ್ಳಬೇಕು.

ನಮ್ಮ ರೂಮಿನ ಎರಡು ಬಿಲ್ಲು

ನಮ್ಮ ರೂಮಿನಲ್ಲಿ ನಾಲ್ಕು ಜನ. ಅಡುಗೆ ನಾವೇ ಮಾಡಿಕೊಳ್ಳುತ್ತೇವೆ. ಜೂನ್ ತಿಂಗಳ ಸಂತೆಗೆ ನಾಲ್ವರೂ ಒಟ್ಟಿಗೆ, ಕ್ಲಾಸ್ ಮುಗಿಸಿ ಹಸಿದ ಹೊಟ್ಟೆಯಲ್ಲಿ, ಚೀಟಿ ಇಲ್ಲದೆ ಹೋಗಿದ್ದೆವು. ಬಿಲ್ಲು 4,180 ರೂಪಾಯಿ. ಜುಲೈನಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡಿ ಚೀಟಿ ಬರೆದೆವು. ಊಟ ಮಾಡಿ ಇಬ್ಬರೇ ಹೋದೆವು. ಟ್ರಾಲಿ ಮುಟ್ಟದೆ ಎರಡು ಕೈಬುಟ್ಟಿ ಹಿಡಿದೆವು. ಬಿಲ್ಲು 3,050. ಊಟದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ.

ಎರಡೂ ಬಿಲ್ಲು ಪಕ್ಕ ಪಕ್ಕ ಇಟ್ಟು ನೋಡಿದೆವು. ಹೆಚ್ಚಾದ 1,130 ರೂಪಾಯಿ ಹೋದದ್ದು ಹತ್ತೊಂಬತ್ತು ಸಾಮಾನಿಗೆ. ಅವುಗಳಲ್ಲಿ ಒಂದೂ ನೂರಾ ಇಪ್ಪತ್ತು ರೂಪಾಯಿ ದಾಟಿರಲಿಲ್ಲ. ಕೆಲಸ ಹುಡುಕುವವರಿಗೆ 1,130 ರೂಪಾಯಿ ಅಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪರೀಕ್ಷೆಯ ಅರ್ಜಿ ಶುಲ್ಕ, ಇಲ್ಲವೇ ದೂರದ ಸೆಂಟರಿಗೆ ಹೋಗುವ ಬಸ್ ಚಾರ್ಜು, ಇಲ್ಲವೇ ‘ಈ ತಿಂಗಳು ಕಳಸಬ್ಯಾಡ ಅವ್ವಾ’ ಎಂದು ಊರಿಗೆ ಹೇಳುವ ಧೈರ್ಯ.

ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಎನ್ನುವವರನ್ನು ನಾನು ನಂಬುವುದಿಲ್ಲ. ನನ್ನ ಮನಸ್ಸು ಗಟ್ಟಿಯೇ ಇತ್ತು, ಆದರೂ ಶಾಂಪೂ ಬಂತು. ಒಳಗೆ ಹೋದ ಮೇಲೆ ಗಟ್ಟಿ ಮನಸ್ಸು ಒಂದು ತಾಸು ಒಬ್ಬಂಟಿಯಾಗಿ ಹೋರಾಡಬೇಕು. ಎದುರಿಗೆ ಇರುವುದು ನೂರು ವರ್ಷದ ಅನುಭವ. ಹಾಗಾಗಿ ತೀರ್ಮಾನ ಒಳಗಲ್ಲ, ಮನೆಯಲ್ಲೇ ಆಗಬೇಕು. ಸಂತೆಗೆ ಹೊರಟಾಗ ಅವ್ವ ಹೇಳುತ್ತಿದ್ದಳು, ‘ಚೀಟಿ ಇಲ್ಲದ ಹೋದ್ರ ಚೀಲಕ್ಕ ಹೊಟ್ಟಿ ಬರ್ತೈತಿ’ ಎಂದು. ಅವಳಿಗೆ ಓದಲು ಬರುವುದಿಲ್ಲ. ಚೀಟಿ ಬರೆಯುತ್ತಿದ್ದವನು ನಾನು, ಹೇಳಿ ಬರೆಸುತ್ತಿದ್ದವಳು ಅವಳು.

ಅಂಗಡಿ ಈಗ ಮೊಬೈಲಿನೊಳಗೂ ಬಂದಿದೆ. ಅಲ್ಲಿ ಕಣ್ಣಿನ ಮಟ್ಟದ ಹಲಗೆ ಎಂದರೆ ಮೊದಲ ಸ್ಕ್ರೀನು. ಬಿಲ್ ಕೌಂಟರಿನ ಚಾಕೊಲೇಟು ಎಂದರೆ ‘ಇನ್ನು 60 ರೂಪಾಯಿಯದ್ದು ಸೇರಿಸಿದರೆ ಡೆಲಿವರಿ ಉಚಿತ’ ಎನ್ನುವ ಸಾಲು. ಚೀಟಿಯ ನಿಯಮ ಅಲ್ಲಿಗೂ ಸಲ್ಲುತ್ತದೆ.

ಆದರೆ ಎಲ್ಲವನ್ನೂ ಗ್ರಾಹಕರ ಹೆಗಲಿಗೇ ಹಾಕುವುದು ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ದೊಡ್ಡ ಅಂಗಡಿಗಳು ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಬಾಗಿಲಲ್ಲಿ, ಸಾಲಿನ ತುದಿಯಲ್ಲಿ, ಬಿಲ್ ಕೌಂಟರಿನ ಹತ್ತಿರ ಇಡುವಂತಿಲ್ಲ. ಮಕ್ಕಳ ಆರೋಗ್ಯಕ್ಕಾಗಿ ತಂದ ನಿಯಮ ಅದು. ಸಾಮಾನು ಇಡುವ ಜಾಗಕ್ಕೆ ಅಷ್ಟು ಶಕ್ತಿ ಇದೆ ಎಂದು ಒಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ನಮ್ಮಲ್ಲೂ ಕನಿಷ್ಠ ಒಂದು ಬಿಲ್ ಕೌಂಟರಾದರೂ ಚಾಕೊಲೇಟು ಇಲ್ಲದೆ ಇರಲಿ. ಗ್ರಾಂ ಲೆಕ್ಕದ ದರ ಪೊಟ್ಟಣದ ಹಿಂದೆ ಇರುವೆ ಅಕ್ಷರದಲ್ಲಿ ಅಲ್ಲ, ಹಲಗೆಯ ದರದ ಚೀಟಿಯ ಮೇಲೆ, ದೊಡ್ಡದಾಗಿ, ಕನ್ನಡದಲ್ಲಿ ಇರಲಿ. ಇದನ್ನು ಕೇಳಬೇಕಾದವರು ನಾವು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು, ಲೆಕ್ಕ ಹಾಕಬಲ್ಲವರು, ಬಹಳ ಕಡೆ ನಾವೇ ತಾನೆ?

ಬಣ್ಣದ ಕಲೆಯ ಅಂಗಿಯವರು ಮರುದಿನ ಬೇಳೆಗೆ ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ. ಭಾನುವಾರ ನನಗೆ ರಜೆ ಇತ್ತು. ಆ ಶನಿವಾರ ರಾತ್ರಿ ನೀಲಿ ಬುಟ್ಟಿಯಿಂದ ಬೇಳೆಯ ಪೊಟ್ಟಣ ಎತ್ತಿಕೊಂಡು ಕೊನೆಯ ಸಾಲಿಗೆ ಹೋದೆ. ಅದರ ಜಾಗ ಎಲ್ಲಕ್ಕಿಂತ ಕೆಳಗಿನ ಹಲಗೆ. ಮೊಣಕಾಲೂರಿ ಕೂತು ಒಳಗೆ ಇಟ್ಟು ಎದ್ದೆ. ಏಳುವಾಗ ಕಣ್ಣಿಗೆ ನೇರವಾಗಿ ಕಂಡದ್ದು ನೂಡಲ್ಸು.

ಈ ವಾರ ಸಂತೆಗೆ ಹೋಗುವ ಮುಂಚೆ ಅಡುಗೆಮನೆಯ ಡಬ್ಬಿಗಳನ್ನು ಒಮ್ಮೆ ತೆರೆದು ನೋಡಿ. ಖಾಲಿ ಇದ್ದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಮೊದಲು ಬೇಳೆಯ ಸಾಲಿಗೆ ನಡೆಯಿರಿ.